ಹಳೆಯ ಮೋಟಾರು ಗಾಡಿ: ಡೀಸೆಲ್ ಲೇಸೋ, ಪೆಟ್ರೋಲ್ ಲೇಸೋ?

ಕಬ್ಬಿನ ಬಿಲ್ಲು ಕೈಗೆ ಬಂದಾಗ, ಇಲ್ಲವೆ ಒಣದ್ರಾಕ್ಷಿ ಮಾರಿದ ಹಣ ಗಂಟಾಗಿ ಸೇರಿದಾಗ, ನಮ್ಮ ಹಳ್ಳಿಯ ಮನೆಗಳಲ್ಲಿ ಒಂದು ಮಾತು ಏಳುತ್ತದೆ: "ಈ ವರ್ಷ ಒಂದು ಗಾಡಿ ತಂದುಬಿಡೋಣ." ಮಾತು ತಪ್ಪಲ್ಲ. ಬೇನೆಯಾದರೆ ಮಿರಜದ ದವಾಖಾನೆಗೆ ಹೋಗಬೇಕು, ಅರಿಷಿಣ ಮಾರಬೇಕಾದರೆ ಸಾಂಗಲಿಯ ಪೇಟೆಗೆ ಹೋಗಬೇಕು. ಉಮದಿ, ಸಂಖದಂಥ ಊರುಗಳಿಂದ ಇವೆಲ್ಲ ದೂರದ ದಾರಿ. ಹೊಸ ಗಾಡಿಯ ಬೆಲೆ ಕೈಗೆ ನಿಲುಕದು. ಆದುದರಿಂದ ನಮ್ಮವರು ಸಾಂಗಲಿ, ಮಿರಜಗಳಲ್ಲಿ ಹಳೆಯ ಗಾಡಿ ಮಾರುವವರ ಕಡೆಗೆ ಹೋಗುತ್ತಾರೆ. ಅಲ್ಲಿ ಕೇಳಬರುವ ಮೊದಲ ಪ್ರಶ್ನೆಯೇ ಈ ಪಾಠದ ವಿಷಯ: ಡೀಸೆಲ್ ಗಾಡಿ ಕೊಳ್ಳಬೇಕೋ, ಪೆಟ್ರೋಲ್ ಗಾಡಿ ಕೊಳ್ಳಬೇಕೋ?

ನಮ್ಮ ಪರಿಚಯದ ಒಬ್ಬ ಒಕ್ಕಲಿಗರು ಜತ್ತ ತಾಲೂಕಿನವರು. 2019ರ ಮಹಾಪೂರ ಇಳಿದ ಕೆಲವು ತಿಂಗಳಿಗೆ ಅವರು ಒಂದು ಡೀಸೆಲ್ ಕಾರು ಕೊಂಡರು. ಬೆಲೆ ಅಗ್ಗ, ಬಣ್ಣ ಹೊಳೆಯುತ್ತಿತ್ತು, ಒಳಗೆ ಹೊಸ ಸೀಟು ಕವರು ಹಾಕಿದ್ದರು. ಮೂರನೆಯ ತಿಂಗಳು ಒಂದು ನಸುಕಿನಲ್ಲಿ ಅವರ ತಾಯಿಗೆ ಎದೆನೋವು ಬಂತು. ಗಾಡಿ ಚಾಲೂ ಆಗಲಿಲ್ಲ. ಪಕ್ಕದ ಊರಿನ ಜೀಪು ಕರೆಸಿ ಮಿರಜಕ್ಕೆ ಒಯ್ದರು. ದೇವರ ದಯದಿಂದ ತಾಯಿ ಉಳಿದರು. ಮುಂದೆ ಗಾಡಿಯನ್ನು ಎಳೆಸಿಕೊಂಡು ಹೋದಾಗ ಫಿಟರನು ನೆಲದ ಹಾಸು ಎತ್ತಿ, ಅಡಿಯಲ್ಲಿದ್ದ ಒಣಗಿದ ಕೆಸರು ತೋರಿಸಿ ಹೇಳಿದ ಮಾತು ಇದು: "ಯಜಮಾನ್ರ, ಎತ್ತು ತರೂಮುಂದ ಹಲ್ಲು ನೋಡ್ತೀರಿ. ಗಾಡಿ ತರೂಮುಂದ ಬರೇ ಬಣ್ಣಾ ನೋಡೀರಿ."

ಈ ಮಾತು ನಮಗೆಲ್ಲರಿಗೂ ಹೇಳಿದ್ದು. ಜತ್ತದ ಯಲ್ಲಮ್ಮನ ಜಾತ್ರೆಯಲ್ಲಾಗಲಿ, ಖರಸುಂಡಿಯ ಜಾತ್ರೆಯಲ್ಲಾಗಲಿ ಖಿಲಾರಿ ಹೋರಿ ಕೊಳ್ಳುವಾಗ ನಾವು ಹಲ್ಲು ಎಣಿಸುತ್ತೇವೆ, ನಡೆಸಿ ನೋಡುತ್ತೇವೆ, ಗೊರಸು ಮುಟ್ಟಿ ನೋಡುತ್ತೇವೆ. ಅದೇ ಜಾಣತನವನ್ನು ಗಾಡಿಗೂ ಹಚ್ಚಬೇಕು. ಅದಕ್ಕೆ ಮೊದಲು ಎರಡು ಎಂಜಿನ್ನುಗಳ ಗುಣ ತಿಳಿದಿರಬೇಕು.

ಎರಡು ಎಂಜಿನ್ನುಗಳ ಭೇದ

ಬಾವಿಯ ಮೇಲಿನ ಡೀಸೆಲ್ ಎಂಜಿನ್ನು ನಮ್ಮ ಹಿರಿಯರಿಗೆ ಮನೆಯ ಎತ್ತಿನಷ್ಟೇ ಪರಿಚಿತ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, 1910ರಲ್ಲಿ ಈಗಿನ ಸಾಂಗಲಿ ಜಿಲ್ಲೆಯಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಅದೇ ಮನೆತನದವರು 1946ರಲ್ಲಿ ಪುಣೆಯಲ್ಲಿ ಡೀಸೆಲ್ ಎಂಜಿನ್ನಿನ ಕಾರಖಾನೆ ಆರಂಭಿಸಿದರು. ಇಂಥ ಎಂಜಿನ್ನುಗಳು ಹಗಲಿರುಳು ನೀರೆತ್ತಿದವು. ಕೆಟ್ಟರೆ ಊರ ಮಿಸ್ತ್ರಿಯೇ ಪಾನಾ ಹಿಡಿದು ದುರಸ್ತಿ ಮಾಡುತ್ತಿದ್ದ. ಇದರಿಂದಲೇ "ಡೀಸೆಲ್ ಅಂದರೆ ಗಟ್ಟಿ" ಎಂಬ ನಂಬಿಕೆ ನಮ್ಮಲ್ಲಿ ಬೇರೂರಿತು. ಹಳೆಯ ಜೀಪುಗಳ ಮಟ್ಟಿಗೂ ಅದು ನಿಜವಾಗಿತ್ತು.

ಪೆಟ್ರೋಲ್ ಎಂಜಿನ್ನಿನಲ್ಲಿ ಹವೆ ಮತ್ತು ಪೆಟ್ರೋಲ್ ಬೆರೆತ ಮಿಶ್ರಣವನ್ನು ಪಿಸ್ಟನ್ನು ಸುಮಾರು ಹತ್ತರಲ್ಲಿ ಒಂದು ಪಾಲಿಗೆ ಒತ್ತುತ್ತದೆ. ಬಳಿಕ ಸ್ಪಾರ್ಕ್ ಪ್ಲಗ್ಗಿನ ಕಿಡಿ ಅದನ್ನು ಹೊತ್ತಿಸುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲ. ಬರಿಯ ಹವೆಯನ್ನು ಹದಿನಾರರಿಂದ ಇಪ್ಪತ್ತರಲ್ಲಿ ಒಂದು ಪಾಲಿಗೆ ಒತ್ತಿದಾಗ ಅದು ಕಾದ ಬಾಣಲೆಗಿಂತ ಬಿಸಿಯಾಗುತ್ತದೆ. ಆ ಬಿಸಿಯೊಳಗೆ ಡೀಸೆಲ್ ಸಿಡಿಸಿದ ಕೂಡಲೇ ತಾನೇ ಹೊತ್ತಿಕೊಳ್ಳುತ್ತದೆ. ಇಷ್ಟು ಒತ್ತಡ ತಾಳಬೇಕಾದುದರಿಂದ ಡೀಸೆಲ್ ಎಂಜಿನ್ನಿನ ಮೈಕಟ್ಟು ಭಾರಿಯಾಗಿರುತ್ತದೆ. ಎಣ್ಣೆಯಲ್ಲಿ ಉಳಿತಾಯವೂ ಆಗುತ್ತದೆ. ಇವೆರಡೂ ಡೀಸೆಲ್ಲಿನ ನಿಜವಾದ ಹಿರಿಮೆ.

ಆದರೆ ಬಾವಿಯ ಎಂಜಿನ್ನೇ ಬೇರೆ, ಈಗಿನ ಡೀಸೆಲ್ ಕಾರೇ ಬೇರೆ. ಕಳೆದ ಇಪ್ಪತ್ತು ವರ್ಷಗಳಲ್ಲಿ ಬಂದ ಡೀಸೆಲ್ ಕಾರುಗಳಲ್ಲಿ ಡೀಸೆಲ್ಲನ್ನು ಹವೆಯ ಒತ್ತಡದ ಸಾವಿರ ಪಟ್ಟಿಗೂ ಮಿಗಿಲಾದ ಒತ್ತಡದಲ್ಲಿ ಒಂದು ಕೊಳವೆಯೊಳಗೆ ತುಂಬಿಡುತ್ತಾರೆ. ಇದನ್ನು ಕಾಮನ್ ರೇಲ್ ಎನ್ನುತ್ತಾರೆ. ಅಲ್ಲಿಂದ ಇಂಜೆಕ್ಟರುಗಳು ಕೂದಲಿನಷ್ಟು ಸಣ್ಣ ತೂತುಗಳ ಮೂಲಕ ಸಿಡಿಸುತ್ತವೆ. ಎಷ್ಟು, ಯಾವಾಗ ಎಂಬುದನ್ನು ಒಂದು ಕಂಪ್ಯೂಟರು ನಿರ್ಧರಿಸುತ್ತದೆ. ಹವೆಯನ್ನು ತುರುಕಲು ಟರ್ಬೊ ಎಂಬ ಗಾಳಿಪಂಕ ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತು ತಿರುಗುತ್ತದೆ. ಇವುಗಳಲ್ಲಿ ಯಾವುದನ್ನೂ ಊರ ಮಿಸ್ತ್ರಿ ಪಾನಾ ಹಿಡಿದು ಸರಿಪಡಿಸಲಾರ. ಇಂಜೆಕ್ಟರು ಬಿಚ್ಚಿ ಪರೀಕ್ಷಿಸಲು ಬೇರೆಯೇ ಯಂತ್ರ ಬೇಕು, ಅದನ್ನು ಬಲ್ಲವರು ಬೇಕು.

ಕೆಟ್ಟರೆ ಏನು ಖರ್ಚು?

ಇಲ್ಲಿಯೇ ಎರಡು ಗಾಡಿಗಳ ದಾರಿ ಕವಲೊಡೆಯುತ್ತದೆ. ಪೆಟ್ರೋಲ್ ಗಾಡಿಯಲ್ಲಿ ಸಾಮಾನ್ಯವಾಗಿ ಕೆಡುವವು ಸ್ಪಾರ್ಕ್ ಪ್ಲಗ್ಗು, ಇಗ್ನಿಷನ್ ಕಾಯಿಲು, ಟ್ಯಾಂಕಿಯೊಳಗಿನ ಪಂಪು, ಕ್ಲಚ್ಚು. ಪ್ಲಗ್ಗಿನ ಖರ್ಚು ನೂರುಗಳಲ್ಲಿ ಮುಗಿಯುತ್ತದೆ, ಉಳಿದವು ಸಾವಿರಗಳಲ್ಲಿ. ಡೀಸೆಲ್ ಗಾಡಿಯಲ್ಲಿ ಒಂದೊಂದು ಇಂಜೆಕ್ಟರು ಹೊಸದಾಗಿ ಹಾಕಿಸಿದರೆ ಹತ್ತು ಸಾವಿರ ಮೀರುತ್ತದೆ, ಅಂಥವು ನಾಲ್ಕು ಇರುತ್ತವೆ. ಒತ್ತಡದ ಪಂಪು ಮತ್ತು ಟರ್ಬೊ ಹತ್ತಾರು ಸಾವಿರದ ಮಾಲುಗಳು. ಅನೇಕ ಡೀಸೆಲ್ ಗಾಡಿಗಳಲ್ಲಿ ಕ್ಲಚ್ಚಿನ ಹಿಂದೆ ಎರಡು ತುಂಡಿನ ಭಾರವಾದ ಫ್ಲೈವ್ಹೀಲು ಇರುವುದರಿಂದ ಕ್ಲಚ್ಚಿನ ಕೆಲಸವೂ ದುಬಾರಿ. ಪಂಪು, ಟರ್ಬೊ, ಇಂಜೆಕ್ಟರು ಕೂಡಿ ಕೈಕೊಟ್ಟರೆ ದುರಸ್ತಿಯ ಬಿಲ್ಲು ಹಳೆಯ ಗಾಡಿಯ ಬೆಲೆಯ ಅರ್ಧಕ್ಕೆ ಮುಟ್ಟುವುದೂ ಉಂಟು.

ಡೀಸೆಲ್ ಗಾಡಿ ಹೆಚ್ಚು ಸಲ ಕೆಡುತ್ತದೆ ಎಂದು ನಾವು ಹೇಳುವುದಿಲ್ಲ. ಒಳ್ಳೆಯ ಎಣ್ಣೆ ಹಾಕಿ, ಹೊತ್ತಿಗೆ ಸರಿಯಾಗಿ ಫಿಲ್ಟರು ಬದಲಿಸಿದ ಡೀಸೆಲ್ ಎಂಜಿನ್ನು ಎರಡು ಲಕ್ಷ ಕಿಲೋಮೀಟರು ದಾಟಿಯೂ ನಡೆಯುತ್ತದೆ. ಆದರೆ ಕೆಟ್ಟ ದಿನ ಅದು ಕೇಳುವ ಹಣ ದೊಡ್ಡದು. ಹಳೆಯ ಗಾಡಿಯನ್ನು ಮಾರುವವರಲ್ಲಿ ಕೆಲವರು ಆ ದಿನ ಹತ್ತಿರ ಬಂದಿದೆ ಎಂದು ತಿಳಿದೇ ಮಾರುತ್ತಾರೆ ಎಂಬುದನ್ನು ಮರೆಯಬಾರದು.

ಹಳ್ಳಿಯಲ್ಲಿ ಇನ್ನೊಂದು ರೂಢಿ ಇದೆ. ಟ್ರ್ಯಾಕ್ಟರಿಗೆಂದು ಪೀಪಾಯಿಯಲ್ಲಿ ತಂದಿಟ್ಟ ಡೀಸೆಲ್ಲನ್ನೇ ಕಾರಿಗೂ ಸುರಿಯುತ್ತಾರೆ. ಪೀಪಾಯಿಯ ತಳದಲ್ಲಿ ನೀರು, ತುಕ್ಕು, ಧೂಳು ಇದ್ದೇ ಇರುತ್ತವೆ. ಹಳೆಯ ಟ್ರ್ಯಾಕ್ಟರು ಅದನ್ನು ನುಂಗೀತು. ಕಾಮನ್ ರೇಲ್ ಕಾರು ನುಂಗದು. ಅದರ ಇಂಜೆಕ್ಟರಿಗೆ ಒಂದು ಹನಿ ನೀರೂ ವೈರಿ. ಕಾರಿಗೆ ಬಂಕಿನ ಡೀಸೆಲ್ಲನ್ನೇ ಹಾಕಿಸಬೇಕು. ಫಿಲ್ಟರಿನಲ್ಲಿ ನಿಂತ ನೀರನ್ನು ಆಗಾಗ ಬಿಡಿಸಬೇಕು.

ಎಣ್ಣೆಯ ಲೆಕ್ಕ

"ಡೀಸೆಲ್ ಅಗ್ಗ" ಎಂಬ ಮಾತಿಗೂ ಒಂದು ಚರಿತ್ರೆ ಇದೆ. 2010ರಲ್ಲಿ ಸರಕಾರವು ಪೆಟ್ರೋಲಿನ ಬೆಲೆಯ ಮೇಲಿನ ಹಿಡಿತ ಬಿಟ್ಟಿತು, ಡೀಸೆಲ್ಲಿನದನ್ನು ಬಿಡಲಿಲ್ಲ. ಹೀಗಾಗಿ 2012ರ ಹೊತ್ತಿಗೆ ಲೀಟರಿಗೆ 30 ರೂಪಾಯಿಯ ಸುಮಾರು ಅಂತರ ಬಿದ್ದಿತ್ತು. ಜನ ಡೀಸೆಲ್ ಕಾರಿಗೆ ಮುಗಿಬಿದ್ದರು. 2014ರ ಅಕ್ಟೋಬರಿನಲ್ಲಿ ಡೀಸೆಲ್ಲಿನ ಹಿಡಿತವನ್ನೂ ಬಿಟ್ಟ ಮೇಲೆ ಅಂತರ ಬಹಳ ಕಿರಿದಾಯಿತು. ಆ ಕಾಲದಲ್ಲಿ ಮಾರಾಟವಾದ ಡೀಸೆಲ್ ಕಾರುಗಳು ಈಗ ಹಳತಾಗಿ ನಮ್ಮ ಪಾಲಿಗೆ ಬರುತ್ತಿವೆ.

ಒಂದು ಲೆಕ್ಕ ಹಾಕೋಣ. ಪೆಟ್ರೋಲ್ ಲೀಟರಿಗೆ 105 ರೂಪಾಯಿ, ಡೀಸೆಲ್ 92 ರೂಪಾಯಿ ಎಂದು ಹಿಡಿಯಿರಿ. ಪೆಟ್ರೋಲ್ ಗಾಡಿ ಲೀಟರಿಗೆ 16 ಕಿಲೋಮೀಟರು, ಡೀಸೆಲ್ ಗಾಡಿ 20 ಕಿಲೋಮೀಟರು ಓಡುತ್ತದೆನ್ನಿ. ಹಾಗಾದರೆ ಪೆಟ್ರೋಲಿಗೆ ಕಿಲೋಮೀಟರಿಗೆ 6 ರೂಪಾಯಿ 56 ಪೈಸೆ, ಡೀಸೆಲ್ಲಿಗೆ 4 ರೂಪಾಯಿ 60 ಪೈಸೆ ಬೀಳುತ್ತದೆ. ಉಳಿತಾಯ ಕಿಲೋಮೀಟರಿಗೆ 1 ರೂಪಾಯಿ 96 ಪೈಸೆ.

ತಿಂಗಳಿಗೆ 500 ಕಿಲೋಮೀಟರು ಓಡಿಸುವ ಮನೆಗೆ ವರ್ಷಕ್ಕೆ 6,000 ಕಿಲೋಮೀಟರಾಯಿತು. ಉಳಿತಾಯ ಹನ್ನೆರಡು ಸಾವಿರದೊಳಗೆ. ತಿಂಗಳಿಗೆ 2,000 ಕಿಲೋಮೀಟರು ಓಡಿಸುವವನಿಗೆ ವರ್ಷಕ್ಕೆ 24,000 ಕಿಲೋಮೀಟರು. ಅವನ ಉಳಿತಾಯ ನಲವತ್ತೇಳು ಸಾವಿರದಷ್ಟು. ಈಗ ಹಳೆಯ ಡೀಸೆಲ್ ಗಾಡಿಯ ದೊಡ್ಡ ದುರಸ್ತಿಗೆಂದು ವರ್ಷಕ್ಕೆ ಹೆಚ್ಚಿನ 20,000 ರೂಪಾಯಿ ತೆಗೆದಿಡಬೇಕೆಂದು ಹಿಡಿಯಿರಿ. ಮೊದಲನೆಯ ಮನೆಗೆ ವರ್ಷಕ್ಕೆ ಎಂಟು ಸಾವಿರ ನಷ್ಟ. ಎರಡನೆಯವನಿಗೆ ಇಪ್ಪತ್ತೇಳು ಸಾವಿರ ಲಾಭ. ಎರಡೂ ಸರಿಗೂಡುವುದು ವರ್ಷಕ್ಕೆ ಸುಮಾರು 10,000 ಕಿಲೋಮೀಟರಿನಲ್ಲಿ. ಬೆಲೆ ಏರಿಳಿದಂತೆ ಅಂಕಿ ಬದಲಾಗುತ್ತದೆ, ಲೆಕ್ಕದ ರೀತಿ ಬದಲಾಗದು. ನಿಮ್ಮ ಮನೆಯ ಓಡಾಟವನ್ನು ಮೂರು ತಿಂಗಳು ಬರೆದಿಟ್ಟು ಈ ಲೆಕ್ಕ ಮಾಡಿ ನೋಡಿರಿ. ವಾರಕ್ಕೊಮ್ಮೆ ಸಂತಿ, ತಿಂಗಳಿಗೆರಡು ಸಲ ಮಿರಜ, ವರ್ಷಕ್ಕೆ ನಾಲ್ಕು ಮದುವೆ: ಇಷ್ಟೇ ಇದ್ದರೆ ನೀವು ಮೊದಲನೆಯ ಮನೆಯವರು.

ಕಡಿಮೆ ಓಡುವ ಡೀಸೆಲ್ ಗಾಡಿಗೆ ಇನ್ನೊಂದು ಬಾಧೆ ಇದೆ. 2020ರ ಏಪ್ರಿಲಿನಿಂದ ಬಿ.ಎಸ್. 6 ನಿಯಮ ಬಂದ ಮೇಲಿನ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಜಾಳಿಗೆಯೊಂದು ಸೈಲೆನ್ಸರಿನ ದಾರಿಯಲ್ಲಿರುತ್ತದೆ. ಗಾಡಿ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹದಿನೈದು ಇಪ್ಪತ್ತು ನಿಮಿಷ ಓಡಿದಾಗ ಆ ಮಸಿ ಕಾದು ಸುಟ್ಟುಹೋಗುತ್ತದೆ. ಹೊಲದಿಂದ ಮನೆಗೆ, ಮನೆಯಿಂದ ಡೇರಿಗೆ ಎಂದು ಬರಿಯ ಎರಡು ಮೂರು ಕಿಲೋಮೀಟರು ತಿರುಗುವ ಗಾಡಿಯಲ್ಲಿ ಮಸಿ ಸುಡದೆ ಜಾಳಿಗೆ ಕಟ್ಟಿಕೊಳ್ಳುತ್ತದೆ. ಅದನ್ನು ಬದಲಿಸುವುದು ಭಾರಿ ಖರ್ಚಿನ ಬಾಬತ್ತು. ಇದೇ ನಿಯಮದ ಹೊತ್ತಿಗೆ, 2020ರಲ್ಲಿ, ಮಾರುತಿ ಕಂಪನಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು.

ಪೆಟ್ರೋಲ್ ಗಾಡಿಗೂ ಕೊರತೆ ಇಲ್ಲದಿಲ್ಲ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಇಥೆನಾಲ್ ಬೆರೆತಿರುತ್ತದೆ. ನಮ್ಮ ಕಬ್ಬಿನಿಂದಲೂ ಅದು ಆಗುತ್ತದೆಂಬುದು ಒಕ್ಕಲಿಗನಿಗೆ ಸಂತೋಷದ ಮಾತು. ಆದರೆ 2023ಕ್ಕಿಂತ ಹಿಂದಿನ ಗಾಡಿಗಳನ್ನು ಸಾಮಾನ್ಯವಾಗಿ ಈ ಪ್ರಮಾಣಕ್ಕೆಂದು ಮಾಡಿದ್ದಿಲ್ಲ. ಮೈಲೇಜು ತುಸು ಇಳಿಯುತ್ತದೆ, ಬಹಳ ಹಳೆಯ ಗಾಡಿಯ ರಬ್ಬರು ಪೈಪುಗಳು ಬೇಗ ಸವೆಯಬಹುದು. ಇಥೆನಾಲ್ ನೀರನ್ನು ಹೀರಿಕೊಳ್ಳುವುದರಿಂದ ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಿಡಬಾರದು. ರಬ್ಬರು ಪೈಪು ನೋಡಿ ಬದಲಿಸಿಕೊಂಡರೆ ಇದು ಸಾವಿರಗಳಲ್ಲಿ ಮುಗಿಯುವ ಕೆಲಸ.

ಕೊಳ್ಳುವ ಮುಂಚೆ ನೋಡತಕ್ಕ ಗುರುತುಗಳು

1. ನಸುಕಿನಲ್ಲಿ ಹೋಗಬೇಕು. ಎಂಜಿನ್ನು ತಣ್ಣಗಿರುವಾಗಲೇ ಚಾಲೂ ಮಾಡಿಸಿರಿ. ಬಾನೆಟ್ ಮುಟ್ಟಿ ನೋಡಿ ಬಿಸಿ ಇದ್ದರೆ, ನೀವು ಬರುವ ಮುಂಚೆಯೇ ಕಾಯಿಸಿದ್ದಾರೆಂದು ತಿಳಿಯಿರಿ. ಬಿಸಿ ಎಂಜಿನ್ನು ತನ್ನ ರೋಗವನ್ನು ಮುಚ್ಚಿಡುತ್ತದೆ.

2. ಹೊಗೆಯ ಬಣ್ಣ ನೋಡಿರಿ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲು ಸುಡುತ್ತಿದೆ. ಕರಿ ಹೊಗೆ ಎಡೆಬಿಡದೆ ಬಂದರೆ ಇಂಜೆಕ್ಟರೋ ಹವೆಯ ದಾರಿಯೋ ಕೆಟ್ಟಿದೆ. ಬಿಳಿ ಹೊಗೆ ಎಂಜಿನ್ನು ಕಾದ ಮೇಲೂ ನಿಲ್ಲದಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಇಲ್ಲವೆ ಒಳಗೆ ನೀರು ಸೇರುತ್ತಿದೆ.

3. ಎಂಜಿನ್ನು ಓಡುತ್ತಿರುವಾಗ ಆಯಿಲು ಹಾಕುವ ಮುಚ್ಚಳ ತೆಗೆದು ನೋಡಿರಿ. ಅಲ್ಲಿಂದ ಬುಸುಬುಸು ಹೊಗೆ ಒತ್ತಿ ಬಂದರೆ ಪಿಸ್ಟನ್ನಿನ ಉಂಗುರಗಳು ಸವೆದಿವೆ. ಅಂಥ ಗಾಡಿಯನ್ನು ಅಲ್ಲಿಯೇ ಬಿಟ್ಟು ಬರತಕ್ಕದ್ದು.

4. ಆಯಿಲು ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ, ಅಥವಾ ರೇಡಿಯೇಟರಿನ ನೀರಿನ ಮೇಲೆ ಎಣ್ಣೆ ತೇಲುತ್ತಿದ್ದರೆ, ಎರಡೂ ಬೆರೆತಿವೆಯೆಂದು ಅರ್ಥ. ಇದೂ ದೊಡ್ಡ ದುರಸ್ತಿಯ ಗುರುತು.

5. ಡೀಸೆಲ್ ಗಾಡಿಯನ್ನು ಏರಿನ ದಾರಿಯಲ್ಲಿ ನಾಲ್ಕು ಜನ ಕೂತು ಓಡಿಸಿ ನೋಡಿರಿ. ಟರ್ಬೊ ಕೂಗಿದರೆ, ಎಳೆತ ಬಾರದಿದ್ದರೆ ಎಚ್ಚರ. ನಿಂತಲ್ಲಿ ಕ್ಲಚ್ಚು ಬಿಡುವಾಗ ಗಾಡಿ ಗಡಗಡ ನಡುಗಿದರೆ ಕ್ಲಚ್ಚಿನ ಖರ್ಚು ಹತ್ತಿರವಿದೆ.

6. ಮೀಟರಿನ ಅಂಕಿಯನ್ನೇ ನಂಬಬೇಡಿರಿ. ಬ್ರೇಕಿನ ಪೆಡಲಿನ ರಬ್ಬರು, ಸ್ಟಿಯರಿಂಗಿನ ಚರ್ಮ, ಚಾಲಕನ ಸೀಟು ಬಹಳ ಸವೆದಿದ್ದು ಮೀಟರು ಮಾತ್ರ ಕಡಿಮೆ ತೋರಿಸಿದರೆ, ಅಂಕಿಯನ್ನು ತಿರುಗಿಸಿದ್ದಾರೆ. ಸರ್ವಿಸಿನ ಚೀಟಿಗಳನ್ನು ಕೇಳಿ ಹೋಲಿಸಿರಿ.

ಮಹಾಪೂರದ ಗಾಡಿ

ಸಾಂಗಲಿ, ಮಿರಜಗಳಲ್ಲಿ ಕೊಳ್ಳುವವರು ಈ ಮಾತನ್ನು ವಿಶೇಷವಾಗಿ ನೆನಪಿನಲ್ಲಿಡಬೇಕು. ಕೃಷ್ಣೆಯ ಮಹಾಪೂರ 2005ರಲ್ಲಿ ಬಂತು, 2019ರ ಆಗಸ್ಟಿನಲ್ಲಿ ಬಂತು, 2021ರ ಜುಲೈಯಲ್ಲಿ ಮತ್ತೆ ಬಂತು. ಸಾಂಗಲಿಯ ಆಯರ್ವಿನ್ ಸೇತುವೆಯ ಹತ್ತಿರ ಅಪಾಯದ ಮಟ್ಟ 45 ಅಡಿ. 2019ರಲ್ಲಿ ನೀರು 57 ಅಡಿ ಮುಟ್ಟಿತು. ಪೇಟೆಯ ಓಣಿಗಳಲ್ಲಿ ನಿಲ್ಲಿಸಿದ ಗಾಡಿಗಳು ದಿನಗಟ್ಟಲೆ ಕೆಸರುನೀರಿನಲ್ಲಿ ಮುಳುಗಿದವು. ಅಂಥ ಗಾಡಿಗಳನ್ನು ತೊಳೆದು, ಬಣ್ಣ ಹೊಡೆದು ಮತ್ತೆ ಮಾರುವುದು ಎಲ್ಲ ಊರಿನಲ್ಲೂ ನಡೆಯುವ ವ್ಯವಹಾರ.

ಮುಳುಗಿದ ಗಾಡಿಯನ್ನು ನೀರಿನಲ್ಲಿದ್ದಾಗ ಚಾಲೂ ಮಾಡಿದ್ದರೆ ಸಿಲಿಂಡರಿನೊಳಗೆ ನೀರು ಹೊಕ್ಕು ಕನೆಕ್ಟಿಂಗ್ ರಾಡು ಬಾಗಿರುತ್ತದೆ, ಏಕೆಂದರೆ ಹವೆ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗದು. ಡೀಸೆಲ್ ಎಂಜಿನ್ನಿನಲ್ಲಿ ಒತ್ತುವ ಜಾಗ ಇನ್ನೂ ಕಿರಿದಾದುದರಿಂದ ಸ್ವಲ್ಪ ನೀರೂ ಈ ಕೆಲಸ ಮಾಡಬಲ್ಲದು. ಎಂಜಿನ್ನು ಉಳಿದಿದ್ದರೂ ವಯರಿನ ಜೋಡಣೆಗಳಲ್ಲಿ ತುಕ್ಕು ಮೆಲ್ಲನೆ ಹಬ್ಬುತ್ತದೆ. ಮೂರು ತಿಂಗಳ ಬಳಿಕ, ಆರು ತಿಂಗಳ ಬಳಿಕ ಗಾಡಿ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ನಮ್ಮ ಪರಿಚಯದವರ ಗಾಡಿಗೆ ಆದುದು ಇದೇ.

ಗುರುತಿಸುವ ಬಗೆ ಸುಲಭ. ಸೀಟು ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿರಿ. ನೀರಿನ ಕಲೆಯ ಗೆರೆ ಅಲ್ಲಿ ಉಳಿದಿರುತ್ತದೆ, ಅದನ್ನು ತೊಳೆಯಲು ಮಾರುವವರು ಮರೆಯುತ್ತಾರೆ. ನೆಲದ ಹಾಸು ಎತ್ತಿಸಿರಿ. ಸೀಟಿನ ಕಬ್ಬಿಣದ ಹಳಿಗಳ ತುಕ್ಕು ನೋಡಿರಿ. ಸ್ಟೆಪ್ನಿ ಇಡುವ ಗುಂಡಿಯಲ್ಲಿ ಕೈಯಾಡಿಸಿ ಕೆಸರು ಇದೆಯೋ ನೋಡಿರಿ. ಕಿಟಕಿ ಮುಚ್ಚಿ ಐದು ನಿಮಿಷ ಒಳಗೆ ಕುಳಿತುಕೊಳ್ಳಿರಿ, ಮುಗ್ಗಿದ ವಾಸನೆ ಬಂದೇ ಬರುತ್ತದೆ. ಅಗ್ಗವೆಂದು ಮುಗ್ಗಿದ ಜೋಳ ಕೊಂಡ ಗಾದೆ ನಮಗೆ ಹೊಸದಲ್ಲ.

ಕಾಗದಪತ್ರ

ಗಡಿನಾಡಿನ ನಮಗೆ ಕಾಗದದ ತೊಡಕು ಒಂದು ಕೈ ಹೆಚ್ಚು. ಕಾಗದಗಳು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತವೆ. ಓದಲು ಬಾರದಿದ್ದರೆ ಕಾಲೇಜಿಗೆ ಹೋಗುವ ಮಗನನ್ನೋ ಮಗಳನ್ನೋ ಜೊತೆಗೆ ಕರೆದೊಯ್ಯಿರಿ. ಓದಿಸದೆ ಸಹಿ ಹಾಕಬೇಡಿರಿ.

ಸಾಂಗಲಿ ಜಿಲ್ಲೆಯ ಗಾಡಿಯ ನಂಬರು ಎಂ.ಎಚ್. 10 ಎಂದು ಆರಂಭವಾಗುತ್ತದೆ. ಮಾಲಕತ್ವ ಬದಲಿಸಲು 29 ಮತ್ತು 30ನೆಯ ನಮೂನೆಗಳು ಬೇಕು. ಗಾಡಿಯ ಮೇಲೆ ಸಾಲವಿದ್ದು ತೀರಿದ್ದರೆ 35ನೆಯ ನಮೂನೆ ಮತ್ತು ಬ್ಯಾಂಕಿನ ಪತ್ರ ಬೇಕು. ಅಥಣಿ, ಚಿಕ್ಕೋಡಿ ಕಡೆಯ ಕೆ.ಎ. 23ರ ಗಾಡಿಯೋ ವಿಜಯಪುರದ ಕೆ.ಎ. 28ರ ಗಾಡಿಯೋ ಅಗ್ಗವಾಗಿ ಸಿಕ್ಕಿತೆಂದು ಹಿಗ್ಗಬೇಡಿರಿ. ಅದಕ್ಕೆ ಅಲ್ಲಿಯ ಕಚೇರಿಯಿಂದ 28ನೆಯ ನಮೂನೆಯ ನಿರಾಕ್ಷೇಪ ಪತ್ರ ಬೇಕು. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ನಂಬರು ಪಡೆಯಬೇಕು, ಇಲ್ಲಿಯ ಕರ ಕಟ್ಟಬೇಕು. ಅದನ್ನೂ ಬೆಲೆಯಲ್ಲಿ ಕೂಡಿಸಿ ನೋಡಬೇಕು.

ದಿಲ್ಲಿಯ ಕಡೆಯಿಂದ ಬಂದ ಡೀಸೆಲ್ ಗಾಡಿಗಳೂ ಕಣ್ಣಿಗೆ ಬೀಳುತ್ತವೆ. ಅಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗಳಿಗೆ 2015ರಲ್ಲಿ ಹಸಿರು ನ್ಯಾಯಾಧಿಕರಣವೂ 2018ರಲ್ಲಿ ಸುಪ್ರೀಂ ಕೋರ್ಟೂ ನಿರ್ಬಂಧ ಹಾಕಿದ್ದವು. ಅಂದಿನಿಂದ ಅಲ್ಲಿಯ ಗಾಡಿಗಳು ಅಗ್ಗವಾಗಿ ಹೊರರಾಜ್ಯಗಳಿಗೆ ಬಂದವು. ಇವುಗಳ ಕಾಗದವನ್ನು ಎರಡು ಸಲ ನೋಡಬೇಕು.

ಯಾವ ಕಾರಿಗಾದರೂ ನೋಂದಣಿಯ ಆಯುಷ್ಯ 15 ವರ್ಷ. ಬಳಿಕ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಈ ನವೀಕರಣದ ಶುಲ್ಕ ಹಿಂದೆ 600 ರೂಪಾಯಿ ಇದ್ದುದು 2022ರ ಏಪ್ರಿಲಿನಿಂದ 5,000 ರೂಪಾಯಿ ಆಯಿತು. ಮಹಾರಾಷ್ಟ್ರದಲ್ಲಿ ಪರಿಸರ ಕರವೂ ಇದೆ. ಹದಿನಾಲ್ಕು ವರ್ಷದ ಗಾಡಿ ಕೊಳ್ಳುವವನು ಮರುವರ್ಷವೇ ಈ ಖರ್ಚಿಗೆ ತಯಾರಿರಬೇಕು.

ಮಾಲಕತ್ವ ಬದಲಾಗದ ಗಾಡಿಯನ್ನು ಮನೆಗೆ ತರಬೇಡಿರಿ. ಅಪಘಾತವಾದರೆ ವಿಮೆಯ ಹಣಕ್ಕೂ ತೊಂದರೆ, ಕೋರ್ಟಿನ ಅಲೆದಾಟವೂ ತಪ್ಪದು. ವಿಮೆಯನ್ನೂ 14 ದಿನಗಳೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಕೊಡಬೇಕು.

ಪಾಠದ ಸಾರ

ಡೀಸೆಲ್ ಕೆಟ್ಟದ್ದೂ ಅಲ್ಲ, ಪೆಟ್ರೋಲ್ ಒಳ್ಳೆಯದೂ ಅಲ್ಲ. ಓಟಕ್ಕೆ ತಕ್ಕ ಗಾಡಿ ಒಳ್ಳೆಯದು. ವರ್ಷಕ್ಕೆ 10,000 ಕಿಲೋಮೀಟರಿಗಿಂತ ಕಡಿಮೆ ಓಡಿಸುವ ಮನೆಯವರು ಹಳೆಯ ಪೆಟ್ರೋಲ್ ಗಾಡಿಯನ್ನೇ ಕೊಳ್ಳುವುದು ಲೇಸು. ಬಾಡಿಗೆಗೋ ವ್ಯಾಪಾರಕ್ಕೋ 15,000 ಕಿಲೋಮೀಟರು ಮೀರಿ ಓಡಿಸುವವರು, ಸರ್ವಿಸಿನ ಚೀಟಿ ಪೂರ್ತಿ ಇರುವ, ಬಲ್ಲ ಫಿಟರು ಪರೀಕ್ಷಿಸಿದ ಡೀಸೆಲ್ ಗಾಡಿ ಕೊಳ್ಳಬಹುದು. ನಡುವಿನವರು ಗಾಡಿಯ ಸ್ಥಿತಿ ನೋಡಿ ನಿರ್ಧರಿಸಬೇಕು.

ಕೈಯಲ್ಲಿದ್ದ ಹಣವನ್ನೆಲ್ಲ ಬೆಲೆಗೇ ಸುರಿಯಬಾರದು. ಮೂರು ಲಕ್ಷ ಇದ್ದವರು ಎರಡೂವರೆ ಲಕ್ಷದ ಗಾಡಿ ನೋಡಬೇಕು. ಉಳಿದ ಐವತ್ತು ಸಾವಿರ ಗಾಡಿಯ ಹೆಸರಿನಲ್ಲಿ ಬ್ಯಾಂಕಿನಲ್ಲಿರಲಿ. ಫಿಟರನನ್ನು ಜೊತೆಗೆ ಕರೆದೊಯ್ದು ಅವನ ದಿನಗೂಲಿ ಕೊಡಲು ಹಿಂಜರಿಯಬಾರದು. ಅವನು ಗಾಡಿ ಮಾರುವವನ ಪರಿಚಯದವನಾಗಿರಬಾರದು ಎಂಬುದನ್ನೂ ನೋಡಿಕೊಳ್ಳಬೇಕು.

ನಮ್ಮ ಪರಿಚಯದ ಒಕ್ಕಲಿಗರು ಆ ಕಾರನ್ನು ಕೊನೆಗೆ ಗುಜರಿಗೆ ಹಾಕಿದರು. ಎರಡು ವರ್ಷ ತಡೆದು ಒಂದು ಸಣ್ಣ ಪೆಟ್ರೋಲ್ ಗಾಡಿ ಕೊಂಡರು. ಈ ಸಲ ನಸುಕಿನಲ್ಲಿಯೇ ಹೋಗಿದ್ದರು, ಫಿಟರನ ಜೊತೆಗೆ. ಅವರ ತಾಯಿಯನ್ನು ಈಗಲೂ ತಿಂಗಳಿಗೊಮ್ಮೆ ಮಿರಜಕ್ಕೆ ತಪಾಸಣೆಗೆ ಕರೆದೊಯ್ಯುವುದು ಅದೇ ಗಾಡಿಯಲ್ಲಿ. ಒಂದು ಕಬ್ಬಿನ ಬಿಲ್ಲು ಕಳೆದುಕೊಂಡು ಅವರು ಕಲಿತ ಪಾಠ ಇದು. ನಮ್ಮ ವಾಚಕರು ಕಳೆದುಕೊಳ್ಳದೆಯೇ ಕಲಿಯಲಿ ಎಂದು ಬರೆದಿದ್ದೇವೆ.